ಪೊಟರೆಯಿಂದ ಪೆಟ್ಟಿಗೆಗೆ

ಕೊಡಗಿನ ಭಾಗಮಂಡಲದ ಸುತ್ತಿನ ತೋಟಗಳಲ್ಲಿ ಜೇನು ಸಾಕುವ ಹಳಬರು ಇಂದಿಗೂ ಹೊಸ ಕುಟುಂಬವನ್ನು ಮರದ ಪೊಟರೆಯಿಂದಲೇ ತಂದು ಪೆಟ್ಟಿಗೆಗೆ ಕೂರಿಸುತ್ತಾರೆ. ಆ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರ ಕೈಚಳಕ ನೋಡಲೆಂದೇ ನಾನು ಹೋಗಿದ್ದೆ.

ಇಳಿಹೊತ್ತು. ಪೊಟರೆಯ ಬಾಯಿಗೆ ಒಂದಿಷ್ಟು ಹೊಗೆ ಹಾಯಿಸಿ, ಮೊಣಕೈವರೆಗೂ ಕೈಯನ್ನು ಒಳಗೆ ಇಳಿಬಿಟ್ಟರು. ಕೈಗವಸಿಲ್ಲ, ಮುಖಪರದೆಯಿಲ್ಲ. ಪೊಟರೆಯಲ್ಲಿ ಗೂಡು ಕಟ್ಟುವ ಈ ತುಡುವೆ ಜೇನು ಹೆಜ್ಜೇನಿನಷ್ಟು ಮುಂಗೋಪಿಯಲ್ಲ. ಆದರೂ ಎರಿಗೆ ಪೆಟ್ಟಾದರೆ, ಕೈಗೆ ಸಿಕ್ಕ ನೊಣ ನುಜ್ಜಾದರೆ ಸುಮ್ಮನೆ ಬಿಡುವುದಿಲ್ಲ. ಒಂದೊಂದೇ ಎರಿಯನ್ನು ಬುಡದಲ್ಲಿ ಕೊಯ್ದು ಹೊರತೆಗೆದರು. ತುಪ್ಪವಿದ್ದ ಭಾಗ ಪಾತ್ರೆಗೆ. ಮರಿಗಳಿದ್ದ ಭಾಗವನ್ನು ಮರದ ಚೌಕಟ್ಟಿಗೆ ಹೊಂದಿಸಿ ಬಾಳೆನಾರಿನಿಂದ ಕಟ್ಟಿದರು. ಪೊಟರೆಯಲ್ಲಿ ಹೇಗೆ ತೂಗುತ್ತಿತ್ತೋ ಪೆಟ್ಟಿಗೆಯಲ್ಲೂ ಹಾಗೆಯೇ ತೂಗಬೇಕು, ತಲೆಕೆಳಗಾಗಬಾರದು. ಆಮೇಲೆ ರಾಣಿಯ ಹುಡುಕಾಟ. ನೊಣಗಳ ಗುಂಪಿನೊಳಗಿಂದ ಆ ಉದ್ದ ಮೈಯವಳನ್ನು ಬೆರಳ ತುದಿಯಲ್ಲಿ ಹಿಡಿದು ಪೆಟ್ಟಿಗೆಗೆ ಬಿಟ್ಟು, ಅವಳು ಹೊರಬರದಂತೆ ಬಾಗಿಲಿಗೆ ತಡೆ ಇಟ್ಟರು. ಅಷ್ಟಾದದ್ದೇ ತಡ, ಚೆದುರಿದ್ದ ನೊಣಗಳು ಸಾಲುಗಟ್ಟಿ ತಾವಾಗಿಯೇ ಒಳಗೆ ನಡೆದವು.

ಕೆಲವು ದಿನಗಳಲ್ಲಿ ಅವು ಎರಿಯನ್ನು ಮೇಣದಿಂದ ಚೌಕಟ್ಟಿಗೆ ಬೆಸೆಯುತ್ತವೆ. ಬೇಡವಾದ ಬಾಳೆನಾರನ್ನು ಕಚ್ಚಿ ಚೂರು ಮಾಡಿ ಹೊರಗೆ ಹಾಕುತ್ತವೆ. ಬಾಗಿಲ ಮುಂದೆ ನಾರಿನ ಚೂರು ಬಿದ್ದಿದ್ದರೆ ಸಂಸಾರ ನಿಂತಿತೆಂದೇ ಇವರ ಲೆಕ್ಕ.

ಚೌಕಟ್ಟು ಹೊರತೆಗೆಯಬಹುದಾದ ಈ ಪುಟ್ಟ ಪೆಟ್ಟಿಗೆಯನ್ನು ತುಡುವೆಯ ಅಳತೆಗೆ ರೂಪಿಸಿ, 1911ರಿಂದ 1917ರ ನಡುವೆ ತಿರುಚಿನಾಪಳ್ಳಿ ಸೀಮೆಯ ಹಳ್ಳಿಗರಿಗೆ ಕಲಿಸಿದವರು ಪಾದ್ರಿ ನ್ಯೂಟನ್. ಮುಂದೆ ಕೊಡಗಿನಲ್ಲೂ ಜೇನು ಮನೆಮನೆಯ ಕಸುಬಾಯಿತು, ಸಹಕಾರ ಸಂಘಗಳು ಹುಟ್ಟಿದವು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂತು. ಮರಿಗಳು ನೀರು ತುಂಬಿದ ಚೀಲದಂತಾಗಿ ಕೋಶದೊಳಗೇ ಸತ್ತವು. ದಕ್ಷಿಣ ಭಾರತದಲ್ಲಿ ಸಾಕಿದ ತುಡುವೆ ಕುಟುಂಬಗಳ ಶೇಕಡಾ 90ಕ್ಕೂ ಹೆಚ್ಚು ನಾಶವಾದವು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಕಸುಬು ಮತ್ತೆ ಚಿಗುರಿದ್ದು ಕಾಡಿನ ಪೊಟರೆಗಳಲ್ಲಿ ರೋಗ ಗೆದ್ದು ಉಳಿದ ಕುಟುಂಬಗಳಿಂದ.

ತುಪ್ಪ ಎಷ್ಟು ಕಿಲೋ ಬಂತೆಂದು ಎಲ್ಲರೂ ಕೇಳುತ್ತಾರೆ. ಪರಾಗಸ್ಪರ್ಶದ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಏಲಕ್ಕಿ ಹೂವಿನ ಆಯಸ್ಸು ಒಂದೇ ದಿನ. ಅಷ್ಟರೊಳಗೆ ಜೇನು ಮುಟ್ಟದಿದ್ದರೆ ಹೂ ಉದುರಿಹೋಗುತ್ತದೆ, ಕಾಯಿ ಕಟ್ಟುವುದಿಲ್ಲ. ರೊಬಸ್ಟಾ ಕಾಫಿ ತನ್ನದೇ ಪರಾಗಕ್ಕೆ ಕಾಯಿ ಕಟ್ಟದು. ಬೇರೆ ಗಿಡದ ಪರಾಗವನ್ನು ಗಾಳಿ ತರಬೇಕು, ಜೇನು ತರಬೇಕು. ಹಿತ್ತಲಿನ ಸೌತೆ, ಹೀರೆ, ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪೆಟ್ಟಿಗೆ ಇಟ್ಟವರು ಒಬ್ಬರು, ಫಸಲು ಹೆಚ್ಚಿಸಿಕೊಂಡವರು ಸುತ್ತಲಿನ ಹತ್ತು ತೋಟದವರು. ಹೀಗಿದ್ದೂ ಜೇನು ಸಾಕುವವನನ್ನು ನಾವು ಬರೀ ತುಪ್ಪ ಮಾರುವವನೆಂದು ಕಾಣುವುದು ಅನ್ಯಾಯ.

ಹಿರಿಯರ ಚಿಂತೆ ಪೊಟರೆಗಳದ್ದು. ಟೊಳ್ಳು ಮರ ಯಾವ ಪ್ರಯೋಜನಕ್ಕೂ ಇಲ್ಲವೆಂದು ಮೊದಲು ಕೊಡಲಿ ಬೀಳುವುದು ಅದಕ್ಕೇ. ಮಕ್ಕಳು ಪಟ್ಟಣದಲ್ಲಿದ್ದಾರೆ, ಪೊಟರೆಗೆ ಕೈ ಹಾಕಲು ಕಲಿತವರು ಊರಿನಲ್ಲಿ ಕಡಿಮೆಯಾಗಿದ್ದಾರೆ.

ತೋಟವಿರುವ ಓದುಗರಲ್ಲಿ ಒಂದು ವಿನಂತಿ. ಬೇಲಿಯಂಚಿನ ಟೊಳ್ಳು ಮರವನ್ನು ಉಳಿಸಿಕೊಳ್ಳಿ. ಹೂ ಬಿಟ್ಟ ಕಾಲದಲ್ಲಿ ಕೀಟನಾಶಕ ಸಿಂಪಡಿಸಬೇಡಿ. ಸಿಂಪಡಿಸಲೇಬೇಕಾದರೆ ಸಂಜೆ ನೊಣಗಳು ಗೂಡು ಸೇರಿದ ಮೇಲೆ ಸಿಂಪಡಿಸಿ.