ಅಟ್ಟ ಸೇರುವ ಮೃದಂಗ

ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಹೈದರಾಬಾದಿನ ಮಿಯಾಪುರದ ಎಷ್ಟೋ ಮನೆಗಳಲ್ಲಿ ಏನಾದರೊಂದು ಅಟ್ಟ ಸೇರುತ್ತದೆ. ಒಂದು ಮನೆಯಲ್ಲಿ ಗವಸು ಹಾಕಿದ ಮೃದಂಗ, ಇನ್ನೊಂದರಲ್ಲಿ ಬ್ಯಾಟು, ಮತ್ತೊಂದರಲ್ಲಿ ಗೆಜ್ಜೆ. ಮೆಟ್ರೊ ಕೆಂಪು ಮಾರ್ಗದ ಕೊನೆಯ ನಿಲ್ದಾಣವಿರುವ ಈ ಬಡಾವಣೆಯಲ್ಲಿ ಎತ್ತ ತಿರುಗಿದರೂ ಇಂಟರ್ (ಪಿಯು) ಕಾಲೇಜು, ಹಾಸ್ಟೆಲ್ಲು, ಕೋಚಿಂಗ್ ಬೋರ್ಡು. ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳಲ್ಲೂ ಅದೇ ಮಾತು: ‘ಎರಡೇ ವರ್ಷ ಕಣೋ, ಆಮೇಲೆ ಎಷ್ಟು ಬೇಕಾದ್ರೂ ಬಾರಿಸು.’

ಹೆತ್ತವರ ಲೆಕ್ಕ ಸುಳ್ಳಲ್ಲ. ಜೆಇಇ ಅಡ್ವಾನ್ಸ್ಡ್ ಇರಲಿ, ನೀಟ್ ಇರಲಿ, ತೆಲಂಗಾಣದ ಪ್ರವೇಶ ಪರೀಕ್ಷೆ ಇಎಪಿಸೆಟ್ ಇರಲಿ, ಸೀಟು ಕೊಡುವುದು ರ‍್ಯಾಂಕ್. ಕ್ರೀಡೆ, ಎನ್‌ಸಿಸಿ ಕೋಟಾಗಳಿವೆ, ಆದರೆ ಅವು ಕೆಲವರಿಗಷ್ಟೇ ದಕ್ಕುವಂಥವು.

ಈಚೆಗೆ ಈ ರ‍್ಯಾಂಕಿನ ಗೋಡೆಯಲ್ಲೂ ಒಂದು ಕಿಂಡಿ ತೆರೆದಿದೆ. ಐಐಟಿ ಮದ್ರಾಸ್ 2024-25ರಲ್ಲಿ ಕ್ರೀಡಾ ಸಾಧಕರಿಗಾಗಿ ಪ್ರತಿ ಪದವಿ ಕೋರ್ಸಿನಲ್ಲಿ 2 ಹೆಚ್ಚುವರಿ ಸೀಟು ಮೀಸಲಿಟ್ಟಿತು. ಅವುಗಳಲ್ಲಿ ಒಂದು ಹೆಣ್ಣುಮಕ್ಕಳಿಗೆ. ಹಿಂದಿನ 4 ವರ್ಷಗಳಲ್ಲಿ ರಾಷ್ಟ್ರೀಯ ಇಲ್ಲವೇ ಅಂತರರಾಷ್ಟ್ರೀಯ ಮಟ್ಟದ ಪದಕ ಗೆದ್ದಿರಬೇಕು. ಮರುವರ್ಷ ಕಲೆ, ಸಂಗೀತದಲ್ಲಿ ಸಾಧಿಸಿದವರಿಗೂ ಇಂಥದೇ ದಾರಿಯಾಯಿತು. ಆದರೆ ಎರಡಕ್ಕೂ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹತೆ ಪಡೆದೇ ತೀರಬೇಕು.

ಅಮೆರಿಕದ ಕಾಲೇಜುಗಳ ಬಾಗಿಲು ಬೇರೆ ರೀತಿಯದು. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ 10 ಚಟುವಟಿಕೆಗಳನ್ನು ಬರೆಯಬಹುದು. ಒಂದೊಂದರ ವಿವರಣೆಗೂ ಸಿಗುವ ಜಾಗ 150 ಅಕ್ಷರ ಮಾತ್ರ. ‘ಸಂಗೀತದಲ್ಲಿ ಅಪಾರ ಆಸಕ್ತಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ‘6 ವರ್ಷದಿಂದ ಮೃದಂಗ, ಭಾನುವಾರ 8 ಮಕ್ಕಳಿಗೆ ಆದಿತಾಳದ ಪಾಠ’ ಎಂದರೆ ಒಬ್ಬ ಹುಡುಗ ಕಣ್ಣಮುಂದೆ ಬಂದು ಕೂರುತ್ತಾನೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಯಾವ ಯಾವ ತರಗತಿಯಲ್ಲಿ ಎಂಬುದನ್ನೂ ಅರ್ಜಿ ಕೇಳುತ್ತದೆ. ಅಟ್ಟ ಸೇರಿದ ಮೃದಂಗದ ಮುಂದೆ 11, 12ನೇ ತರಗತಿಯ ಚೌಕಗಳು ಖಾಲಿ ಉಳಿಯುವುದು ಇಲ್ಲಿಯೇ. ಕೊನೆಗಳಿಗೆಯಲ್ಲಿ ಗುಡ್ಡೆ ಹಾಕಿದ ಸರ್ಟಿಫಿಕೇಟುಗಳು ಆ ಚೌಕ ತುಂಬಲಾರವು. ಅಮೆರಿಕದ ಎಂಐಟಿಯಂತೂ ತನ್ನದೇ ಅರ್ಜಿಯಲ್ಲಿ ಕೇಳುವುದು ನಾಲ್ಕೇ ಚಟುವಟಿಕೆ.

ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ಸಂಬಳದ ಕೆಲಸಕ್ಕೂ ಮನೆಯ ಜವಾಬ್ದಾರಿಗೂ ಜಾಗವಿದೆ ಎಂಬುದನ್ನು ನಮ್ಮವರು ತಿಳಿಯಬೇಕು. ಸಂಜೆ ಅಂಗಡಿಯಲ್ಲಿ ಅಪ್ಪನ ಜೊತೆ ನಿಲ್ಲುವ, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಮಾಡುವ ಹುಡುಗಿ ‘ನನ್ನ ಹತ್ತಿರ ಬರೆಯೋಕೆ ಏನೂ ಇಲ್ಲ’ ಎಂದುಕೊಳ್ಳುವುದು ದೊಡ್ಡ ಅನ್ಯಾಯ.

ಅಂಕದಾಚೆಗೂ ನೋಡುವ ಈ ಪದ್ಧತಿಯ ಹುಟ್ಟು ಮಾತ್ರ ಅಷ್ಟು ಚೆಂದದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಅಂಕದ ಜೊತೆ ‘ನಡತೆ’, ‘ವ್ಯಕ್ತಿತ್ವ’ಗಳನ್ನು ಅಳೆಯಲು ಹೊರಟದ್ದು ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ತಗ್ಗಿಸಲು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲೆ ಸಮೇತ ತೆರೆದಿಟ್ಟಿದ್ದಾರೆ. ಕುದುರೆ ಸವಾರಿ, ದೋಣಿ ಸ್ಪರ್ಧೆ ಉಳ್ಳವರ ಮಕ್ಕಳಿಗೇ ಸುಲಭ ಎಂಬ ದೂರು ಇಂದಿಗೂ ಇದೆ, ಅದು ನ್ಯಾಯವಾದ ದೂರು. ಇತ್ತ ಬ್ರಿಟನ್ನಿನ ಆಕ್ಸ್‌ಫರ್ಡ್, ಕೇಂಬ್ರಿಜ್ ನೋಡುವುದು ಮುಖ್ಯವಾಗಿ ಓದಲು ಹೊರಟ ವಿಷಯದ ಮೇಲಿನ ಹಿಡಿತವನ್ನು.

ಸೀಟಿನ ಲೆಕ್ಕ ಬಿಟ್ಟು ಮತ್ತೆ ಮಿಯಾಪುರಕ್ಕೆ ಬರೋಣ. ಅಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಮುಂದಿನ ನಿಲ್ದಾಣ ಬೇಗಂಪೇಟೆ. ಅಲ್ಲಿನ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ, ಮುಂದೆ ಮೈಕ್ರೊಸಾಫ್ಟ್ ಮುಖ್ಯಸ್ಥರಾದ ಸತ್ಯ ನಾದೆಲ್ಲಾ ಕ್ರಿಕೆಟ್ ಆಡುತ್ತಿದ್ದರು. ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಆಟ ಅವರಿಗೆ ಐಐಟಿ ಸೀಟು ಕೊಡಿಸಲಿಲ್ಲ. ಆದರೂ 2017ರ ತಮ್ಮ ಪುಸ್ತಕದಲ್ಲಿ ಅವರು ನೆನೆದದ್ದು ಶಾಲೆಯ ಒಂದು ಪಂದ್ಯವನ್ನು. ಅವತ್ತು ಅವರ ಬೌಲಿಂಗ್ ಕೈಕೊಟ್ಟಿತ್ತು. ನಾಯಕ ತಾನೇ ಓವರ್ ಹಾಕಿ ವಿಕೆಟ್ ಕಿತ್ತ, ಬಳಿಕ ಚೆಂಡನ್ನು ಮರಳಿ ಇವರ ಕೈಗೇ ಕೊಟ್ಟ.