ದೇವಕಿ ಜೈನ್: ಲೆಕ್ಕಕ್ಕೆ ಬಾರದ ದುಡಿಮೆಯನ್ನು ಲೆಕ್ಕಕ್ಕೆ ತಂದ ಅರ್ಥಶಾಸ್ತ್ರಜ್ಞೆ

ಜಗತ್ತಿನ ಆರ್ಥಿಕತೆಯನ್ನು ಬಡವರ, ಅದರಲ್ಲೂ ಬಡ ಮಹಿಳೆಯರ ಕಡೆಯಿಂದ ನೋಡಿದ ಅರ್ಥಶಾಸ್ತ್ರಜ್ಞರಲ್ಲಿ ದೇವಕಿ ಜೈನ್ ಪ್ರಮುಖರು. ಅವರು 1933ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಎಂ.ಎ. ಶ್ರೀನಿವಾಸನ್ ಮೈಸೂರು ಸಂಸ್ಥಾನದಲ್ಲಿ ಮಂತ್ರಿಯಾಗಿ, ಗ್ವಾಲಿಯರ್‌ನಲ್ಲಿ ದಿವಾನರಾಗಿ ಸೇವೆ ಸಲ್ಲಿಸಿದವರು. ಆಕ್ಸ್‌ಫರ್ಡ್‌ನ ಸೇಂಟ್ ಆನ್ಸ್ ಕಾಲೇಜಿನಲ್ಲಿ ಓದಿದ ದೇವಕಿಯವರು ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಅರ್ಥಶಾಸ್ತ್ರ ಬೋಧಿಸಿದರು.

1966ರಲ್ಲಿ ಲಕ್ಷ್ಮೀಚಂದ್ ಜೈನ್ ಅವರನ್ನು ವಿವಾಹವಾದರು. ಸಹಕಾರ ಮತ್ತು ಕರಕುಶಲ ಕ್ಷೇತ್ರದಲ್ಲಿ ದುಡಿದ ಈ ಗಾಂಧಿವಾದಿಗೆ 1989ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮುಂದೆ ಅವರು ದಕ್ಷಿಣ ಆಫ್ರಿಕಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು.

ಸಮಯದ ಲೆಕ್ಕ

"ನಿಮ್ಮ ಮುಖ್ಯ ಕೆಲಸ ಯಾವುದು?" ಎಂದು ಗಣತಿದಾರರು ಕೇಳಿದರೆ, ದಿನವಿಡೀ ದುಡಿಯುವ ಹೆಣ್ಣುಮಗಳೂ "ಮನೆಕೆಲಸ" ಎಂದುಬಿಡುತ್ತಾಳೆ. ಆಗ ಹೊಲದಲ್ಲಿ ಕಳೆ ಕಿತ್ತದ್ದು, ದನಕ್ಕೆ ಮೇವು ತಂದದ್ದು, ಸೌದೆ ಆಯ್ದದ್ದು ಯಾವುದೂ ದಾಖಲಾಗುವುದಿಲ್ಲ. 1970ರ ದಶಕದಲ್ಲಿ ದೇವಕಿ ಜೈನ್ ತಮ್ಮ ಸಂಶೋಧನಾ ಸಂಸ್ಥೆಯ ಮೂಲಕ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿದರು. ಉದ್ಯೋಗದ ಹೆಸರು ಕೇಳುವ ಬದಲು, ಮನೆಯವರು ಬೆಳಗಿನಿಂದ ರಾತ್ರಿಯವರೆಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರು ಎಂದು ಬರೆದುಕೊಳ್ಳಲಾಯಿತು. ಕೆಲಸಗಾರರಲ್ಲ ಎಂದು ಅಂಕಿಅಂಶಗಳು ಬದಿಗಿಟ್ಟಿದ್ದ ಅನೇಕ ಮಹಿಳೆಯರು ದುಡಿಯುವವರೇ ಎಂಬುದು ಆಗ ಕಂಡಿತು.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಯೋಜನೆಯಲ್ಲೂ ಪಾಲಿಲ್ಲ. ಕೂಲಿ, ಸಾಲ, ತರಬೇತಿ ಎಲ್ಲವೂ "ಕೆಲಸಗಾರ" ಎನಿಸಿದವನಿಗೇ ಹೋಗುತ್ತವೆ.

ದೇಶದ ಅಧಿಕೃತ ಅಂಕಿಅಂಶ ಕಚೇರಿ 2019ರಲ್ಲಿ ಇದೇ ಬಗೆಯ ಸಮಯ ಬಳಕೆ ಸಮೀಕ್ಷೆಯನ್ನು ಇಡೀ ದೇಶದಲ್ಲಿ ನಡೆಸಿತು. ಸಂಬಳವಿಲ್ಲದ ಮನೆಕೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ನೀಡುತ್ತಿದ್ದರು.

ಬೆಂಗಳೂರಿನಿಂದ ವಿಶ್ವವೇದಿಕೆಗೆ

1984ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಮಹಿಳಾ ಚಿಂತಕರು ಬೆಂಗಳೂರಿನಲ್ಲಿ ಸೇರಿದರು. ವಿದೇಶಿ ಸಾಲ, ಆಹಾರದ ಕೊರತೆ, ಸರ್ಕಾರಿ ವೆಚ್ಚದ ಕಡಿತಗಳ ಭಾರ ಕೊನೆಗೆ ಬಡ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ ಎಂಬುದು ಅವರ ವಾದ. ಅಲ್ಲಿ ರೂಪುಗೊಂಡ 'ಡಾನ್' ಜಾಲವು 1985ರ ನೈರೋಬಿ ವಿಶ್ವ ಮಹಿಳಾ ಸಮ್ಮೇಳನದಲ್ಲಿ ಈ ವಾದವನ್ನು ಮುಂದಿಟ್ಟಿತು. ಬಳಿಕ ತಾಂಜಾನಿಯಾದ ಜೂಲಿಯಸ್ ನೈರೆರೆ ಅಧ್ಯಕ್ಷತೆಯ ದಕ್ಷಿಣ ಆಯೋಗಕ್ಕೂ ದೇವಕಿ ಸದಸ್ಯರಾದರು. ಅದರ ವರದಿ 1990ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು.

ನಮಗೇನು ಪಾಠ?

ಒಂದೇ ದೃಷ್ಟಿಯಿಂದ ಕಂಡದ್ದು ಪೂರ್ಣ ಸತ್ಯವಲ್ಲ ಎಂಬುದು ಅನೇಕಾಂತದ ತಿರುಳು. ಅಂಕಿಅಂಶಕ್ಕೂ ಈ ಮಾತು ಸಲ್ಲುತ್ತದೆ. ವ್ಯಾಪಾರ, ಲೆಕ್ಕಪತ್ರಗಳಲ್ಲಿ ಹೆಸರಾದ ನಮ್ಮ ಸಮಾಜವು ಮನೆಯೊಳಗಿನ ದುಡಿಮೆಯನ್ನು ಯಾವ ಪುಟದಲ್ಲಿ ಬರೆಯುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಅರ್ಥಶಾಸ್ತ್ರ ಓದಲು ಹೊರಟಿರುವ ನಮ್ಮ ಮಕ್ಕಳು ಈ ಪ್ರಶ್ನೆಯಿಂದಲೇ ಆರಂಭಿಸಬಹುದು.