ಬರಿಗಾಲಿನ ‘ಹಾವಾಡಿಗ’: ಬೆಂಗಳೂರಿನ ಒಲಿಂಪಿಯನ್ ಅಹ್ಮದ್ ಖಾನ್

ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಹುಡುಗರು ಚಪ್ಪಲಿ ಬಿಚ್ಚಿಟ್ಟು ಚೆಂಡು ಒದೆಯುವುದು ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗೆ ಯಾರಿಗೂ ಹೊಸ ನೋಟವಲ್ಲ. ಹೀಗೆ ಬರಿಗಾಲಿನಲ್ಲೇ ಆಡಿ ಎರಡು ಒಲಿಂಪಿಕ್ಸ್‌ಗೆ ಹೋಗಿ ಬಂದವರೊಬ್ಬರು ಬೆಂಗಳೂರಿನಲ್ಲಿದ್ದರು ಎಂದರೆ ಮಾತ್ರ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಅವರ ಹೆಸರು ಅಹ್ಮದ್ ಖಾನ್. ಬರಿಗಾಲು ಅವರಿಗೆ ಹೆಸರು ತಂದುಕೊಟ್ಟಿತು. ಅದೇ ಬರಿಗಾಲು ಅವರ ತಂಡಕ್ಕೆ ದೊಡ್ಡ ಸೋಲನ್ನೂ ತಂದಿತು.

ಆಟ ಕಲಿತದ್ದು ಮನೆಯಲ್ಲೇ

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ತಂದೆ ಬಾಬಾ ಖಾನ್ ಫುಟ್‌ಬಾಲ್ ಆಟಗಾರರು, ಸಹೋದರರೂ ಅದೇ ದಾರಿ ಹಿಡಿದವರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಊರಿನ ಕನ್ನಡ, ತಮಿಳು, ಉರ್ದು ಮಾತಿನ ಹುಡುಗರೆಲ್ಲ ಕಲಿತಿದ್ದರು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗ ಅಹ್ಮದ್ ಇನ್ನೂ ಬಾಲಕ. ಮುಂದೆ ಅದೇ ತಂಡಕ್ಕೆ ಅವರೂ ಆಡಿದರು.

ಅವರ ಸ್ಥಾನ ‘ಇನ್‌ಸೈಡ್ ಲೆಫ್ಟ್’. ಆಗಿನ ತಂಡಗಳಲ್ಲಿ ಮುಂಚೂಣಿಯಲ್ಲಿ ಐವರು ಇರುತ್ತಿದ್ದರು. ನಡುವೆ ನಿಲ್ಲುವವರ ಎಡಪಕ್ಕದ ಆಟಗಾರನೇ ಇನ್‌ಸೈಡ್ ಲೆಫ್ಟ್. ಗೋಲು ಹೊಡೆಯುವುದಷ್ಟೇ ಅವನ ಕೆಲಸವಲ್ಲ. ಹಿಂದಿನಿಂದ ಚೆಂಡು ಪಡೆದು, ಎದುರಾಳಿಗಳನ್ನು ತಪ್ಪಿಸಿ, ಪಕ್ಕದವನಿಗೆ ಗೋಲಿನ ದಾರಿ ಮಾಡಿಕೊಡಬೇಕು. ಅಹ್ಮದ್ ಈ ಕೆಲಸದಲ್ಲಿ ನಿಪುಣರಾಗಿದ್ದರು.

ಬರಿಗಾಲು ಏಕೆ?

ಬಡತನ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಬರಿಗಾಲಿನವನಿಗೆ ಚೆಂಡು ಬೆರಳಿಗೆ ತಾಗಿದ್ದು ಸ್ಪಷ್ಟವಾಗಿ ತಿಳಿಯುತ್ತದೆ, ಒಣ ನೆಲದಲ್ಲಿ ಅದನ್ನು ಬೇಕಾದಂತೆ ತಿರುಗಿಸಬಹುದು. ಮಳೆ ಬಂದರೆ ಕಥೆಯೇ ಬೇರೆ. ಆಗಿನ ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು, ಕೆಸರಿನಲ್ಲಿ ಬರಿಗಾಲು ಜಾರುತ್ತಿತ್ತು, ಎದುರಾಳಿಯ ಬೂಟಿನ ಏಟು ನೇರ ಎಲುಬಿಗೇ ಬೀಳುತ್ತಿತ್ತು. ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ 1930ರ ದಶಕದಲ್ಲೇ ಇದನ್ನರಿತು ಮಳೆಯ ದಿನ ಬೂಟು ತೊಡಲು ಶುರು ಮಾಡಿತ್ತು. ಆದರೆ ರಾಷ್ಟ್ರೀಯ ತಂಡದಲ್ಲಿ ಇಂಥ ನಿಯಮ ಬರಲು ಇನ್ನೂ ಹಲವು ವರ್ಷ ಹಿಡಿಯಿತು.

ಲಂಡನ್‌ನಲ್ಲಿ ಹೆಸರು

ಸ್ವತಂತ್ರ ಭಾರತದ ತಂಡ ಮೊದಲ ಬಾರಿ ಒಲಿಂಪಿಕ್ಸ್‌ನಲ್ಲಿ ಆಡಿದ್ದು 1948ರ ಜುಲೈ 31ರಂದು, ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ. ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಮೊದಲು ಗೋಲು ಬಿಟ್ಟುಕೊಟ್ಟ ಭಾರತಕ್ಕೆ 70ನೇ ನಿಮಿಷದಲ್ಲಿ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಸಮಬಲದ ಗೋಲು ತಂದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿದ ಭಾರತ ಕೊನೆಯ ನಿಮಿಷದ ಗೋಲಿನಿಂದ 2-1ರಲ್ಲಿ ಸೋತಿತು. ಸೋತರೂ ಅಹ್ಮದ್ ಅವರ ಚೆಂಡಿನ ಹಿಡಿತ ಕಂಡ ಇಂಗ್ಲಿಷ್ ಪತ್ರಿಕೆಗಳು ಅವರನ್ನು ‘ಹಾವಾಡಿಗ’ ಎಂದು ಕರೆದವು.

ಕಲ್ಕತ್ತದ ಪಂಚ ಪಾಂಡವರು

ಮರುವರ್ಷವೇ ಅಹ್ಮದ್ ಈಸ್ಟ್ ಬೆಂಗಾಲ್ ತಂಡ ಸೇರಿದರು. ದಕ್ಷಿಣದ ಆಟಗಾರರನ್ನು ಹುಡುಕಿ ತರುತ್ತಿದ್ದವರು ಆ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ. ಅಹ್ಮದ್, ವೆಂಕಟೇಶ್, ಧನರಾಜ್, ಆಂಧ್ರದ ಅಪ್ಪಾರಾವ್, ತಿರುವಾಂಕೂರಿನ ಸಾಲೆ, ಈ ಐವರನ್ನು ಕಲ್ಕತ್ತದ ಜನ ‘ಪಂಚ ಪಾಂಡವರು’ ಎಂದರು. ಮನೆಮಾತು ಒಂದಲ್ಲದ ಈ ಐವರು ಮೈದಾನದಲ್ಲಿ ಒಂದೇ ಭಾಷೆ ಆಡಿದರು ಎನ್ನಬೇಕು. 1949ರಲ್ಲಿ ತಂಡ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1950 ಮತ್ತು 1951ರಲ್ಲೂ ಅವರಲ್ಲೇ ಉಳಿಯಿತು. ಡ್ಯುರಾಂಡ್ ಕಪ್ 1951, 1952ರಲ್ಲಿ ಬಂತು.

ಇದರ ನಡುವೆ ಒಂದು ದೊಡ್ಡ ಅವಕಾಶ ತಪ್ಪಿತು. 1950ರ ವಿಶ್ವಕಪ್‌ಗೆ ಭಾರತ ಅರ್ಹವಾಗಿದ್ದರೂ ತಂಡ ಬ್ರೆಜಿಲ್‌ಗೆ ಹೋಗಲಿಲ್ಲ. ಬೂಟಿಲ್ಲದ ಕಾರಣ ಬಿಡಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಅಂದಿನ ಹಿರಿಯ ಆಟಗಾರ ಶೈಲೇನ್ ಮನ್ನಾ ಮಾತ್ರ ಅದು ಬರೀ ನೆಪ ಎಂದು ನಂತರ ಹೇಳಿದ್ದರು. ಆಡಳಿತ ನಡೆಸುವವರಿಗೆ ಆಗ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪಿನ ಬೆಲೆ ಗೊತ್ತಿರಲಿಲ್ಲ. ಅಹ್ಮದ್‌ಗೆ ಆಗ 23 ವರ್ಷ. ಮತ್ತೆ ಅಂಥ ಅವಕಾಶ ಅವರಿಗೆ ಬರಲಿಲ್ಲ.

ಸಂತೋಷದ ದಿನ ಬಂದದ್ದು 1951ರಲ್ಲಿ. ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಅಹ್ಮದ್ ಆ ತಂಡದಲ್ಲಿದ್ದರು.

ಹೆಲ್ಸಿಂಕಿಯ ಪೆಟ್ಟು

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ ಭಾರತ 10-1ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು, 89ನೇ ನಿಮಿಷದಲ್ಲಿ. ಒಂಬತ್ತು, ಹತ್ತು ಗೋಲು ಬಿದ್ದ ಮೇಲೂ ಆಟ ಕೈಬಿಡದವರ ಗೋಲು ಅದು. ಭಾರತದ ಹಲವರು ಅಲ್ಲಿಯೂ ಬರಿಗಾಲಿನಲ್ಲೇ ಆಡಿದ್ದರು. ಈ ಸೋಲಿನ ನಂತರವೇ ಫೆಡರೇಶನ್ ಬೂಟು ಕಡ್ಡಾಯ ಮಾಡಿತು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಬೂಟಿನ ಬಗ್ಗೆಯೇ ಪ್ರಯೋಗ ನಡೆದಿತ್ತು. 1954ರ ಜುಲೈ 4ರಂದು ಬರ್ನ್ ನಗರದ ವಿಶ್ವಕಪ್ ಫೈನಲ್ ದಿನ ಮಳೆ. ಪಶ್ಚಿಮ ಜರ್ಮನಿಯ ಆಟಗಾರರ ಬೂಟಿಗೆ ಅಡಿ ಡಾಸ್ಲರ್ ತಿರುಪಿನಿಂದ ಬದಲಿಸಬಹುದಾದ ಮೊಳೆಗಳನ್ನು ಕೊಟ್ಟಿದ್ದರು. ಎಂಟು ನಿಮಿಷದಲ್ಲಿ 2-0 ಹಿಂದೆ ಬಿದ್ದ ಜರ್ಮನಿಗೆ ಮ್ಯಾಕ್ಸ್ ಮೊರ್ಲಾಕ್ ಒಂದು, ಎಸೆನ್ ಊರಿನ ಹೆಲ್ಮುಟ್ ರಾನ್ ಎರಡು ಗೋಲು ತಂದು ಹಂಗೇರಿಯನ್ನು 3-2ರಿಂದ ಸೋಲಿಸಿದರು. ಭಾರತಕ್ಕೆ ಹತ್ತು ಗೋಲು ಹೊಡೆದಿದ್ದ ಯುಗೊಸ್ಲಾವಿಯವನ್ನೂ ಜರ್ಮನಿ ಅದೇ ಕೂಟದ ಕ್ವಾರ್ಟರ್ ಫೈನಲ್‌ನಲ್ಲಿ 2-0ರಿಂದ ಮಣಿಸಿತ್ತು. ಬೂಟಿನಿಂದಲೇ ಗೆದ್ದರು ಎನ್ನಲಾಗದು. ಆದರೆ ಆಟಗಾರನ ಕಾಲಿಗೆ, ನೆಲಕ್ಕೆ, ಮಳೆಗೆ ತಕ್ಕ ತಯಾರಿ ಅಲ್ಲಿತ್ತು. ಅಹ್ಮದ್ ಅವರ ಕಾಲಿನಲ್ಲಿ ಕಲೆಯಿತ್ತು, ಅದರ ಬೆನ್ನಿಗೆ ತಯಾರಿ ಇರಲಿಲ್ಲ.

ಕೊನೆಯ ವರ್ಷಗಳು

ಬೂಟು ತೊಟ್ಟ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅಹ್ಮದ್ ಆ ತಂಡದಲ್ಲಿರಲಿಲ್ಲ. ಈಸ್ಟ್ ಬೆಂಗಾಲ್‌ಗೆ ಅವರು 1959ರವರೆಗೆ, ಒಟ್ಟು ಹತ್ತು ವರ್ಷ ಆಡಿದರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ, ಅವರ ಆಟ ಮುಗಿದ ಮೇಲೆ. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷದವರಾಗಿ ಬೆಂಗಳೂರಿನಲ್ಲೇ ತೀರಿಕೊಂಡರು.

ನಮ್ಮೂರ ಹುಡುಗರು ಬರಿಗಾಲಿನಲ್ಲಿ ಆಡಿದರೆ ತಪ್ಪೇನಿಲ್ಲ, ಚೆಂಡಿನ ಸ್ನೇಹ ಬೆಳೆಯುವುದೇ ಹಾಗೆ. ಆದರೆ ಅವರಲ್ಲೊಬ್ಬ ತಾಲ್ಲೂಕು ದಾಟಿ ಜಿಲ್ಲೆಗೆ ಆಡುವಷ್ಟು ಬೆಳೆದರೆ, ಒಂದು ಜೊತೆ ಬೂಟು, ತಕ್ಕ ತರಬೇತಿ ಕೊಡಿಸುವ ಹೊಣೆ ಊರಿನ ಹಿರಿಯರದು. ಅಹ್ಮದ್ ಖಾನ್ ಕಾಲದಲ್ಲಿ ಆ ಹೊಣೆ ಹೊರಬೇಕಾದವರು ಎಚ್ಚೆತ್ತುಕೊಂಡದ್ದು ಹತ್ತು ಗೋಲು ಬಿದ್ದ ಮೇಲೆ.